ಕೃಷ್ಣಾ–ಘಟಪ್ರಭಾ ಸೀಮೆಯಲ್ಲಿ ಅಂಗವೈಕಲ್ಯ ಮತ್ತು ಪುನರ್ವಸತಿಯ ಚರಿತ್ರೆ

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಪ್ರದೇಶಗಳು 1948ಕ್ಕೆ ಮೊದಲು ಒಂದೇ ಆಡಳಿತದಡಿ ಇರಲಿಲ್ಲ. ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೂ, ಮುಧೋಳ ಮತ್ತು ಮಹಾಲಿಂಗಪುರ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೂ, ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಹಾಗೂ ಅದರಾಚೆಯ ತೇರದಾಳ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿ ಮಾತ್ರ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಜಿಲ್ಲೆಯಲ್ಲಿತ್ತು, ಆ ಜಿಲ್ಲೆಯ ಕಚೇರಿ ಮೊದಲು ಕಲಾದಗಿಯಲ್ಲಿದ್ದು 1885ರಲ್ಲಿ ವಿಜಾಪುರಕ್ಕೆ ಹೋಯಿತು. ಹೀಗೆ ನಾಲ್ಕು ಆಡಳಿತಗಳ ಗಡಿಗಳು ಕೂಡುತ್ತಿದ್ದ ಈ ಸೀಮೆಯಲ್ಲಿ ಅಂಗವೈಕಲ್ಯದ ಚರಿತ್ರೆಯನ್ನು ಹುಡುಕಹೊರಟವರಿಗೆ ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾಗದವರು ತಾವೇ ಬರೆದಿಟ್ಟ ದಾಖಲೆ ದೊರೆಯುವುದು ತೀರ ವಿರಳ. ದೊರೆಯುವುದೆಲ್ಲ ಅವರ ಹೆಸರಿನಲ್ಲಿ ಇತರರು ಬಿಟ್ಟ ದತ್ತಿ, ಬರೆದ ಶಾಸ್ತ್ರ, ಹೊತ್ತ ಹರಕೆ ಮತ್ತು ತಯಾರಿಸಿದ ಪಟ್ಟಿ. ಒಂದೊಂದು ಕಾಲದ ದಾಖಲೆಯೂ ತನಗೆ ಬೇಕಾದ ಒಂದೇ ಪ್ರಶ್ನೆಯನ್ನು ಕೇಳಿದೆ: ಈತ ಹಸಿದಿದ್ದಾನೆಯೇ, ಆಸ್ತಿಯ ಪಾಲಿಗೆ ಅರ್ಹನೇ, ಕೂಲಿ ಮಾಡಬಲ್ಲನೇ, ಊನ ಶೇಕಡಾ ಎಷ್ಟು. ಈತನಿಗೆ ಯಾವ ಕೆಲಸ ಒಗ್ಗುತ್ತದೆ, ಆ ಕೆಲಸಕ್ಕೆ ಅಡ್ಡಿಯಾಗಿರುವುದು ಏನು ಎಂಬ ಪ್ರಶ್ನೆ ಹುಟ್ಟಿದ್ದು ನೇಕಾರರ ಮನೆಗಳಲ್ಲಿ ಮತ್ತು ಗವಾಯಿಗಳ ಗುರುಕುಲದಲ್ಲಿ. ಪುನರ್ವಸತಿಯೆಂದರೆ ರೋಗದಿಂದಲೋ ಊನದಿಂದಲೋ ಕೈತಪ್ಪಿದ ದೇಹಶಕ್ತಿ, ಕಸುಬು ಮತ್ತು ಊರೊಳಗಿನ ಸ್ಥಾನವನ್ನು ಆದಷ್ಟು ಮಟ್ಟಿಗೆ ಮರಳಿ ಒದಗಿಸುವ ವ್ಯವಸ್ಥೆ ಎಂದಿಟ್ಟುಕೊಂಡರೆ, ಅದರ ಇತಿಹಾಸವನ್ನು ಸರ್ಕಾರಿ ಆದೇಶಗಳಿಗಿಂತ ಮೊದಲು ಅಲ್ಲಿಯೇ ಅರಸಬೇಕಾಗುತ್ತದೆ.

ಅತ್ಯಂತ ಹಳೆಯ ಸಾಕ್ಷ್ಯ ಸಿಗುವುದು ದಾನಶಾಸನಗಳಲ್ಲಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವು ಆ ಮಠದಲ್ಲಿ ನಡೆಯುತ್ತಿದ್ದ ವಿದ್ಯಾಭ್ಯಾಸ ಮತ್ತು ರೋಗಿಗಳ ಚಿಕಿತ್ಸೆಯ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಎಡೆಬಿಡದೆ ನಡೆಯುತ್ತಿದ್ದ ಅನ್ನದಾನವನ್ನೂ ಹೇಳುತ್ತದೆ. ಅದಕ್ಕಿಂತ ಸುಮಾರು ನಾಲ್ಕು ದಶಕ ಮೊದಲು, 1123ರಲ್ಲಿ, ತೇರದಾಳದಲ್ಲಿ ಮಂಡಲಿಕ ಗೊಂಕನು ಕಟ್ಟಿಸಿದ ಬಸದಿಗೂ ದತ್ತಿ ದೊರೆತಿತ್ತು. ಜೈನರ ಚತುರ್ವಿಧ ದಾನದಲ್ಲಿ ಆಹಾರ, ಅಭಯ ಮತ್ತು ಶಾಸ್ತ್ರದೊಡನೆ ಔಷಧವೂ ಒಂದಾಗಿದ್ದರಿಂದ, ಇಂಥ ಬಸದಿಗಳಿದ್ದ ಊರುಗಳಲ್ಲಿ ರೋಗಿಯ ಆರೈಕೆಗೆ ಧರ್ಮದ ಮನ್ನಣೆಯಿತ್ತೆಂದು ತಿಳಿಯಬಹುದು. ಅಂಗಹೀನರನ್ನು ಊರಿನಿಂದ ಹೊರಗಟ್ಟದೆ ಮಠದ ಪಂಕ್ತಿಯಲ್ಲಿ ಕೂರಿಸಿದ ಈ ಸಂಪ್ರದಾಯ ಸಣ್ಣದೆಂದು ಹೇಳಲಾಗದು. ಆದರೂ ದಾನಿಯ ವಂಶಾವಳಿಯನ್ನು ಹಾಡಿ ಹೊಗಳುವ ಶಾಸನಕವಿ ಉಂಡವರಲ್ಲಿ ಒಬ್ಬರ ಹೆಸರನ್ನೂ ಕಲ್ಲಿಗೇರಿಸಲಿಲ್ಲ. ಅವರು ಪುಣ್ಯಕ್ಕೆ ಪಾತ್ರರಾದ ಗುಂಪಾಗಿಯೇ ಉಳಿದರು.

ಅದೇ ಕಾಲದಲ್ಲಿ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕನ್ನಡನಾಡಿನ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯ ಆಧಾರವಾಯಿತು. ಅದರ ಪ್ರಕಾರ ಕುರುಡ, ಕುಂಟ, ಬುದ್ಧಿವಿಕಲ, ಹುಚ್ಚು ಹಿಡಿದವ ಮತ್ತು ವಾಸಿಯಾಗದ ರೋಗವುಳ್ಳವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಆದರೆ ಜೀವಮಾನವಿಡೀ ಅನ್ನ-ಬಟ್ಟೆಗೆ ಹಕ್ಕುಂಟು. ಅವರ ಗಂಡುಮಕ್ಕಳಲ್ಲಿ ಅಂಥ ದೋಷವಿಲ್ಲದಿದ್ದರೆ ಮಕ್ಕಳಿಗೆ ಪಾಲುಂಟು, ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ಸಾಕಬೇಕು. ಮುಧೋಳದವನೆಂದು ಹೇಳಲಾಗುವ ರನ್ನನು ಹತ್ತನೆಯ ಶತಮಾನದ ಕೊನೆಯಲ್ಲಿ ಗದಾಯುದ್ಧಕ್ಕೆ ವಸ್ತುವಾಗಿಸಿಕೊಂಡ ಕುರುವಂಶದ ಕಲಹದ ಮೂಲದಲ್ಲಿಯೂ, ಕಣ್ಣಿಲ್ಲವೆಂಬ ಕಾರಣಕ್ಕೆ ಪಟ್ಟ ತಪ್ಪಿದ ಹಿರಿಯ ಮಗನೊಬ್ಬನಿದ್ದಾನೆಂಬುದನ್ನು ಇಲ್ಲಿ ನೆನೆಯಬಹುದು. ಶಾಸ್ತ್ರದ ಈ ಏರ್ಪಾಡು ಒಕ್ಕಲುತನದ ಸೀಮೆಯಲ್ಲಿ ಆಳವಾದ ಪರಿಣಾಮ ಬೀರುವಂಥದು, ಏಕೆಂದರೆ ಹೊಲವಿಲ್ಲದವನಿಗೆ ಮನೆಯ ಮಾತುಕತೆಯಲ್ಲಿ ಧ್ವನಿ ಇರುವುದಿಲ್ಲ. ಅಣ್ಣತಮ್ಮಂದಿರ ಮನೆಯಲ್ಲಿ ಉಣ್ಣುವ ಹಕ್ಕು, ಉಣಬಡಿಸುವವರ ಮನಸ್ಸನ್ನು ಅವಲಂಬಿಸಿದ ಹಕ್ಕು. ಬ್ರಿಟಿಷ್ ಭಾರತದ 1928ರ ಹಿಂದೂ ಉತ್ತರಾಧಿಕಾರ (ಅನರ್ಹತೆ ನಿವಾರಣೆ) ಕಾಯ್ದೆಯು ಮಿತಾಕ್ಷರಾ ಪದ್ಧತಿಯ ಕುಟುಂಬಗಳಲ್ಲಿ ಈ ನಿರ್ಬಂಧವನ್ನು ತೆಗೆದುಹಾಕಿತು, ಹುಟ್ಟಿನಿಂದಲೇ ಬುದ್ಧಿವಿಕಲರೋ ಮತಿಭ್ರಾಂತರೋ ಆದವರನ್ನು ಮಾತ್ರ ಹೊರಗಿಟ್ಟಿತು. ಆದರೆ ಬ್ರಿಟಿಷ್ ಭಾರತದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲವಾದ್ದರಿಂದ, ಬೀಳಗಿಯ ಕುರುಡ ಮಗನಿಗೆ ಅಂದು ದೊರೆತ ಹಕ್ಕು ಕೆಲವೇ ಹರದಾರಿ ದೂರದ ಜಮಖಂಡಿ, ಮುಧೋಳಗಳಲ್ಲಿ ಅದೇ ಕಾಯ್ದೆಯ ಬಲದಿಂದ ದೊರೆಯುವಂತಿರಲಿಲ್ಲ. ಯಾವುದೇ ರೋಗ ಅಥವಾ ಊನದ ಕಾರಣಕ್ಕೆ ಯಾರೂ ಉತ್ತರಾಧಿಕಾರ ಕಳೆದುಕೊಳ್ಳರು ಎಂಬ ನಿಯಮ ಎಲ್ಲರಿಗೂ ಒಂದೇ ಆಗಿ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮಿನಿಂದ.

ಶಾಸ್ತ್ರ ತಿಳಿಯದ ಮನೆಗಳಲ್ಲಿ ಊನದ ಅರ್ಥವನ್ನು ನಿರ್ಧರಿಸಿದ್ದು ದೇವರು ಮತ್ತು ಹರಕೆ. ಈ ಸೀಮೆಯ ಜನ ನಡೆದುಕೊಳ್ಳುವ ಸವದತ್ತಿಯ ಎಲ್ಲಮ್ಮನ ಕಥೆಯಲ್ಲಿ ರೇಣುಕೆ ಗಂಡನ ಶಾಪದಿಂದ ಚರ್ಮರೋಗಕ್ಕೆ ತುತ್ತಾಗಿ, ಎಕ್ಕಯ್ಯ ಜೋಗಯ್ಯರ ಕೃಪೆಯಿಂದ ಜೋಗುಳಬಾವಿಯಲ್ಲಿ ಮಿಂದು ಗುಣ ಹೊಂದುತ್ತಾಳೆ. ರೋಗ ತರುವವಳೂ ಕಳೆಯುವವಳೂ ಒಬ್ಬಳೇ ತಾಯಿ ಎಂಬ ಈ ನಂಬಿಕೆಯಲ್ಲಿ ರೋಗಿಗೆ ಸಮಾಧಾನವಿತ್ತು, ರೋಗಿಯೊಡನೆ ದೇವಿಯೂ ನೊಂದಿದ್ದಾಳೆಂಬ ಆಪ್ತತೆಯಿತ್ತು. ಆದರೆ ಅದೇ ನಂಬಿಕೆಯ ಇನ್ನೊಂದು ಮುಖ ಕ್ರೂರವಾದುದು. ತಲೆಯಲ್ಲಿ ಜಡೆಗಟ್ಟಿದ, ಮೈಮೇಲೆ ತೊನ್ನು ಕಾಣಿಸಿದ, ಪದೇ ಪದೇ ಕಾಯಿಲೆ ಬೀಳುವ ಅಥವಾ ಅಂಗ ಊನವಾದ ಹೆಣ್ಣುಮಗುವನ್ನು ದೇವಿ ಕೇಳುತ್ತಿದ್ದಾಳೆಂದು ಭಾವಿಸಿ ಮುತ್ತು ಕಟ್ಟಿಸಿ ದೇವದಾಸಿಯಾಗಿಸುವ ರೂಢಿ ಜಮಖಂಡಿ, ಮುಧೋಳ ಭಾಗದ ದಲಿತ ಕುಟುಂಬಗಳನ್ನು ತಲೆಮಾರುಗಳ ಕಾಲ ಹಿಂಡಿತು. ವರ ಸಿಗದ ಮಗಳ ಬಗ್ಗೆ ತಂದೆತಾಯಿಗಿದ್ದ ಭಯ ಮತ್ತು ಊರಿನ ಬಲಾಢ್ಯರ ಸ್ವಾರ್ಥ ಎರಡೂ ಅದರಲ್ಲಿ ಕೂಡಿದ್ದವು. ಮುಂಬಯಿ ಪ್ರಾಂತ 1934ರಲ್ಲಿ, ಕರ್ನಾಟಕ 1982ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿದವು.

ದೇಹವನ್ನು ದುಡಿಮೆಯ ಅಳತೆಗೋಲಿನಿಂದ ಅಳೆಯುವ ಆಡಳಿತ ಈ ಸೀಮೆಗೆ ಬಂದದ್ದು ಬರಗಾಲದ ಹಾದಿಯಲ್ಲಿ. 1876–78ರ ಬರಕ್ಕೆ ಮುಂಬಯಿ ಪ್ರಾಂತದಲ್ಲಿ ಅತ್ಯಂತ ಹೆಚ್ಚು ಸಿಲುಕಿದ ಜಿಲ್ಲೆಗಳಲ್ಲಿ ಕಲಾದಗಿ ಒಂದು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಆ ಅನುಭವದ ಮೇಲೆ ರಚಿತವಾದ ಬರನಿರ್ವಹಣಾ ಸಂಹಿತೆಗಳು ಜನರನ್ನು ಎರಡಾಗಿ ವಿಂಗಡಿಸಿದವು: ಮೈಯಲ್ಲಿ ಶಕ್ತಿಯಿದ್ದವರು ಕೆರೆ ತೋಡುವ, ರಸ್ತೆಗೆ ಜಲ್ಲಿ ಒಡೆಯುವ ಕಾಮಗಾರಿಗೆ ಹೋಗಬೇಕು, ದುಡಿಯಲಾಗದ ಮುದುಕರು, ಕುರುಡರು, ಹೆಳವರು ಊರಿನಲ್ಲಿಯೇ ಪುಕ್ಕಟೆ ಕಾಳು ಪಡೆಯಬೇಕು. ಈ ವಿಂಗಡಣೆಯಿಂದ ಹಲವು ಜೀವಗಳು ಉಳಿದವೆಂಬುದು ನಿಜ, ಕಾಮಗಾರಿಯ ಗುಡ್ಡೆಯ ಬಳಿ ಕುಸಿದು ಸಾಯುವ ಬದಲು ಮನೆಬಾಗಿಲಲ್ಲಿ ಹಿಡಿ ಜೋಳ ಸಿಗುವುದು ದೊಡ್ಡ ಮಾತು. ಆದರೆ ಇದರೊಡನೆ, ಜಲ್ಲಿ ಒಡೆಯಲಾಗದವನು ಏನನ್ನೂ ಮಾಡಲಾಗದವನು ಎಂಬ ಎಣಿಕೆ ಸರ್ಕಾರಿ ಕಾಗದದಲ್ಲಿ ಸೇರಿಕೊಂಡಿತು. ಕುಳಿತು ನೂಲು ಸುತ್ತಬಲ್ಲ ಕುಂಟನಿಗೆ ಆ ಕಾಗದದಲ್ಲಿ ಪ್ರತ್ಯೇಕ ಸಾಲು ಇರಲಿಲ್ಲ.

ಜನಗಣತಿಯೂ ಇದೇ ದಾರಿ ಹಿಡಿಯಿತು. ಬ್ರಿಟಿಷ್ ಕಾಲದ ಜನಗಣತಿಗಳು 1931ರವರೆಗೆ ಬುದ್ಧಿಭ್ರಮಣೆ, ಮೂಗ-ಕಿವುಡುತನ, ಕುರುಡುತನ ಮತ್ತು ಕುಷ್ಠ ಎಂಬ ನಾಲ್ಕೇ ಊನಗಳನ್ನು ಲೆಕ್ಕ ಹಿಡಿದವು. ಕೈಕಾಲಿಲ್ಲದವರು ಎಣಿಕೆಗೇ ಬರಲಿಲ್ಲ. 1941ರಲ್ಲಿ ಈ ಪ್ರಶ್ನೆಯನ್ನು ಕೈಬಿಟ್ಟು, 1981ರಲ್ಲಿ ಮೂರು ಬಗೆಯ ಊನಗಳಿಗೆ ಸೀಮಿತವಾಗಿ ಕೇಳಿ, 1991ರಲ್ಲಿ ಮತ್ತೆ ಬಿಟ್ಟು, 2001ರಿಂದ ಪುನಃ ಆರಂಭಿಸಲಾಯಿತು. 2011ರ ಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು.

ಚಿಕಿತ್ಸೆಯ ವಿಷಯದಲ್ಲಿ ಈ ಸೀಮೆ ನೋಡಿದ್ದು ಮಿರಜಿನ ಕಡೆಗೆ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯ ವಿಲಿಯಂ ವಾನ್ಲೆಸ್ ಅವರ ಆಸ್ಪತ್ರೆ 1894ರಲ್ಲಿ ಅಲ್ಲಿ ಆರಂಭವಾದ ಮೇಲೆ, ದೊಡ್ಡ ಶಸ್ತ್ರಚಿಕಿತ್ಸೆಯೆಂದರೆ ಕುಡಚಿಗೆ ಹೋಗಿ ರೈಲು ಹತ್ತಿ ಮಿರಜಿಗೆ ಹೋಗುವುದು ಎಂಬ ರೂಢಿ ಬೆಳೆಯಿತು, ಅದರ ಬಲ ಇಂದಿಗೂ ಪೂರ್ತಿ ಕುಗ್ಗಿಲ್ಲ. ಕುಷ್ಠರೋಗಿಗಳಿಗೂ ಮಿರಜಿನಲ್ಲಿ ಮಿಶನ್ನಿನವರ ಪ್ರತ್ಯೇಕ ಆಸ್ಪತ್ರೆ ಇತ್ತು. ಇದೇ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆಯಾದರೋ ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಪೊಲೀಸರು ಹಿಡಿದು ಆಶ್ರಯಧಾಮಕ್ಕೆ ಸೇರಿಸಲು ಅವಕಾಶ ನೀಡಿತು. ಬಡತನ ಮತ್ತು ರೋಗ ಎರಡೂ ಕೂಡಿದರೆ ಅಪರಾಧ ಎಂಬಂತಿದ್ದ ಆ ಕಾಯ್ದೆ ರದ್ದಾದದ್ದು 2016ರಲ್ಲಿ, ಅಂದರೆ ಬಹುಔಷಧ ಚಿಕಿತ್ಸೆಯಿಂದ ಕುಷ್ಠ ಪೂರ್ತಿ ಗುಣವಾಗತೊಡಗಿ ಮೂರು ದಶಕ ಕಳೆದ ಮೇಲೆ.

ಆಸ್ಪತ್ರೆಯಿಂದ ಮರಳಿದವನು, ಅಥವಾ ಆಸ್ಪತ್ರೆಯಿಂದ ಏನೂ ಆಗದವನು, ಮುಂದೆ ಬದುಕುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕರ್ನಾಟಕ ತನ್ನದೇ ನೆಲದಿಂದ ಕೊಟ್ಟ ಉತ್ತರ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಇದರ ಬೇರು ಇರುವುದು ಬಾಗಲಕೋಟೆ ಜಿಲ್ಲೆಯದೇ ಆದ ಶಿವಯೋಗಮಂದಿರದಲ್ಲಿ. ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಹಾನಗಲ್ಲ ಕುಮಾರ ಶಿವಯೋಗಿಗಳು, ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ ಮತ್ತು ಗುರುಬಸವಯ್ಯ ಎಂಬ ಅಂಧ ಸಹೋದರರಲ್ಲಿದ್ದ ಸಂಗೀತದ ಒಲವನ್ನು ಗುರುತಿಸಿ ಅವರನ್ನು ತಮ್ಮ ಆಶ್ರಯಕ್ಕೆ ತಂದುಕೊಂಡರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಅನಂತರ ಮಿರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಸಂಗೀತವನ್ನೂ ಕಲಿತು ಪಂಚಾಕ್ಷರಿ ಗವಾಯಿಗಳಾದರು (1892–1944). ತಾವು ಪಡೆದ ವಿದ್ಯೆಯನ್ನು ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರಿಗೆ ಹಂಚಲು ಅವರು ಶಿಷ್ಯರ ಗುಂಪನ್ನೇ ಕಟ್ಟಿಕೊಂಡು ಊರೂರು ತಿರುಗಿದರು, ಊರವರು ಕೊಟ್ಟ ಕಾಳುಕಡಿಯಲ್ಲಿ ಅಡುಗೆಯಾಗುತ್ತಿತ್ತು, ನಾಟಕ ಕಂಪನಿಯ ಗಳಿಕೆಯೂ ಅದೇ ಒಲೆಗೆ ಹೋಗುತ್ತಿತ್ತು. ಅವರ ಶಿಷ್ಯ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ದೇವಗಿರಿಯ ಪುಟ್ಟರಾಜ ಗವಾಯಿಗಳು (1914–2010) ಗುರುವಿನ ತರುವಾಯ ಆರು ದಶಕಕ್ಕೂ ಮಿಕ್ಕಿ ಈ ಸಂಸ್ಥೆಯನ್ನು ನಡೆಸಿದರು. ಊರಿನವರು ಭಕ್ತಿಯಿಂದ ಮಾಡುತ್ತಿದ್ದ ತುಲಾಭಾರದ ನಾಣ್ಯಗಳು ನೇರವಾಗಿ ಮಕ್ಕಳ ಪ್ರಸಾದಕ್ಕೆ ಸಲ್ಲುತ್ತಿದ್ದವು.

ಈ ಆಶ್ರಮವನ್ನು ಬರಿಯ ಧರ್ಮಕಾರ್ಯವೆಂದು ಕಾಣುವವರು ಅದರ ಆರ್ಥಿಕ ಜಾಣತನವನ್ನು ಗಮನಿಸಿರುವುದಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಮಾಸ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ತಿಂಗಳಿಡೀ ಪುರಾಣ ಪ್ರವಚನ ನಡೆಯುತ್ತದೆ, ಅದಕ್ಕೆ ಹಾಡುವವರು, ಹಾರ್ಮೋನಿಯಂ ನುಡಿಸುವವರು, ತಬಲಾ ಬಾರಿಸುವವರು ಬೇಕೇ ಬೇಕು. ಜಾತ್ರೆ, ನಾಟಕ, ಭಜನೆಗಳಿಗೂ ಅವರೇ ಬೇಕು. ಅಂದರೆ ಆಶ್ರಮವು ಹುಡುಗನಿಗೆ ಕಲಿಸಿದ ವಿದ್ಯೆಗೆ ಊರಿನಲ್ಲಿ ಮೊದಲೇ ಬೇಡಿಕೆಯಿತ್ತು, ಆ ವಿದ್ಯೆಗೆ ಮರ್ಯಾದೆಯೂ ಇತ್ತು, ಮತ್ತು ಅದನ್ನು ಸಾಧಿಸಲು ಕಣ್ಣು ಅನಿವಾರ್ಯವಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಕಾರ್ಖಾನೆಗಳಿಗೆ ಮರಳಿಸಲು ಯುರೋಪಿನ ಸರ್ಕಾರಗಳು ವೃತ್ತಿ ತರಬೇತಿಯ ಶಾಲೆಗಳನ್ನು ತೆರೆಯುತ್ತಿದ್ದ ಆಸುಪಾಸಿನ ವರ್ಷಗಳಲ್ಲಿಯೇ, ಸರ್ಕಾರದ ನೆರವಿಲ್ಲದೆ, ಇಲ್ಲಿಯ ಜೀವನಕ್ರಮಕ್ಕೆ ಹೊಂದುವ ವೃತ್ತಿಯೊಂದನ್ನು ಆರಿಸಿಕೊಂಡು ಈ ಕೆಲಸ ನಡೆಯಿತೆಂಬುದು ಪುನರ್ವಸತಿಯ ಚರಿತ್ರೆಯಲ್ಲಿ ಇನ್ನೂ ತಕ್ಕ ಸ್ಥಾನ ಪಡೆಯಬೇಕಾದ ಸಂಗತಿ. ಸ್ವರಜ್ಞಾನವಿಲ್ಲದ ಅಂಧ ಮಗುವಿಗೂ, ಕಿವಿ ಕೇಳದ ಮಗುವಿಗೂ ಈ ದಾರಿ ಇರಲಿಲ್ಲವೆಂಬ ಮಿತಿಯನ್ನು ಹೇಳಲೇಬೇಕು. ಆದರೂ ಕುರುಡನೆಂದರೆ ಭಿಕ್ಷುಕ ಎಂಬ ಭಾವನೆಯನ್ನು ಹಳ್ಳಿಗರ ಮನಸ್ಸಿನಿಂದ ತೆಗೆದು ಅಲ್ಲಿ ಗವಾಯಿಯ ಚಿತ್ರವನ್ನು ನಿಲ್ಲಿಸಿದ್ದು ಸಾಮಾನ್ಯ ಸಾಧನೆಯಲ್ಲ.

ರಬಕವಿ ಮತ್ತು ಬನಹಟ್ಟಿಯ ಮಗ್ಗಗಳು ಇದಕ್ಕಿಂತ ಸದ್ದಿಲ್ಲದ ಇನ್ನೊಂದು ಪಾಠವನ್ನು ಇಟ್ಟುಕೊಂಡಿವೆ. ಇಲ್ಲಿಯ ಹಳೆಯ ಕೈಮಗ್ಗ ಕುಣಿ ಮಗ್ಗ, ಅಂದರೆ ನೇಕಾರನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತು, ಕಾಲಿನಿಂದ ಹಲಗೆ ತುಳಿಯುತ್ತ ಕೈಯಿಂದ ಲಾಳಿ ಓಡಿಸುವ ಮಗ್ಗ. ನೇಯುವುದು ಒಬ್ಬನಾದರೂ ಸೀರೆಯೊಂದು ಮಗ್ಗದಿಂದ ಇಳಿಯಬೇಕಾದರೆ ಮನೆಮಂದಿಯೆಲ್ಲ ಕೈಹಾಕಬೇಕು: ನೂಲಿಗೆ ಬಣ್ಣ ಕಟ್ಟಬೇಕು, ಗಂಜಿ ಹಾಕಬೇಕು, ಉದ್ದನೆಯ ಎಳೆಗಳ ಹಾಸನ್ನು ಸಿದ್ಧಪಡಿಸಬೇಕು, ಅಡ್ಡ ಎಳೆಗಳ ಹೊಕ್ಕಿಗಾಗಿ ರಾಟಿಯಲ್ಲಿ ಕಂಡಿಕೆ ಸುತ್ತಬೇಕು, ಹಣಿಗೆಯಲ್ಲಿ ಎಳೆ ಸೇರಿಸಬೇಕು. ಇವುಗಳಲ್ಲಿ ಕೆಲವಕ್ಕೆ ತೀಕ್ಷ್ಣ ದೃಷ್ಟಿ ಬೇಕು, ಕಾಲು ಬೇಡ. ಕೆಲವಕ್ಕೆ ಕಾಲು ಬೇಕು, ಕಿವಿ ಬೇಡ. ಕಂಡಿಕೆ ಸುತ್ತುವುದಕ್ಕೆ ಬೆರಳ ತುದಿಯ ಸ್ಪರ್ಶ ಮತ್ತು ತಾಳ್ಮೆಯಿದ್ದರೆ ಸಾಕು, ಆದ್ದರಿಂದಲೇ ಅದು ಮುದುಕಿಯರ, ಮಕ್ಕಳ ಪಾಲಿನ ಕೆಲಸವಾಗಿತ್ತು. ಪೋಲಿಯೊದಿಂದ ಕಾಲು ಸೋತವನು ಇಂಥ ಮನೆಯಲ್ಲಿ ತುಳಿಯುವ ಕೆಲಸವನ್ನು ಬಿಟ್ಟು ಬೇರೆ ಹತ್ತು ಕೆಲಸಗಳ ನಡುವೆ ತನ್ನ ಜಾಗವನ್ನು ಕಂಡುಕೊಳ್ಳಬಲ್ಲವನಾಗಿದ್ದ. ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಣ್ಣಿಸುವುದು ತಪ್ಪಾಗುತ್ತದೆ, ಏಕೆಂದರೆ ಮಜೂರಿ ನೇಕಾರನ ಕೈಗೆ ಬರುತ್ತಿತ್ತು, ಕಂಡಿಕೆ ಸುತ್ತಿದವರಿಗೆ ಬೇರೆ ಲೆಕ್ಕವಿರಲಿಲ್ಲ, ಇಡೀ ಮನೆಯ ತಲೆಯ ಮೇಲೆ ಮಾಲೀಕನ ಸಾಲವಿರುತ್ತಿತ್ತು. ಆದರೂ ಊನವಿದ್ದವನನ್ನು ಕೆಲಸದ ಸರಪಣಿಯಿಂದ ಹೊರಗಿಡದೆ ನಡೆದ ಉತ್ಪಾದನೆ ಅದಾಗಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ ಮಗ್ಗಗಳು ಈ ಅವಳಿ ಊರುಗಳನ್ನು ಆವರಿಸಿದಂತೆ ದೇಹದ ಲೆಕ್ಕವೂ ತಲೆಕೆಳಗಾಯಿತು. ತುಳಿಯುವ ಕೆಲಸವನ್ನು ಮೋಟಾರು ವಹಿಸಿಕೊಂಡಿತು, ಆದರೆ ನೇಕಾರನು ಪಾಳಿಯುದ್ದಕ್ಕೂ ನಿಂತು, ಹಲವು ಮಗ್ಗಗಳ ನಡುವೆ ಓಡಾಡುತ್ತ, ಕಡಿದ ಎಳೆಯನ್ನು ತಟಕ್ಕನೆ ಕಂಡು ಗಂಟು ಹಾಕಬೇಕಾಯಿತು. ಕುಳಿತು ಮಾಡುವ ಸಹಾಯಕ ಕೆಲಸಗಳನ್ನು ಯಂತ್ರಗಳು ನುಂಗಿದವು. ಕುಣಿ ಮಗ್ಗದ ಮನೆಯಲ್ಲಿ ಹತ್ತು ಕೆಲಸಕ್ಕೆ ಒದಗುತ್ತಿದ್ದ ಅದೇ ದೇಹ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಒಂದಕ್ಕೂ ಒದಗದಂತಾಯಿತು. ದೇಹದಲ್ಲಿ ಏನೂ ಬದಲಾಗದೆಯೇ ಅಂಗವೈಕಲ್ಯ ಹೆಚ್ಚಾಯಿತು. ಊನವು ದೇಹದಲ್ಲಿದ್ದರೂ ಅದನ್ನು ವೈಕಲ್ಯವಾಗಿಸುವುದು ಸುತ್ತಲಿನ ಏರ್ಪಾಡು ಎಂದು ಕಳೆದ ಶತಮಾನದ ಕೊನೆಯಲ್ಲಿ ವಿದ್ವಾಂಸರೂ ಹೋರಾಟಗಾರರೂ ಮಂಡಿಸಿದ, 2006ರ ವಿಶ್ವಸಂಸ್ಥೆಯ ಒಡಂಬಡಿಕೆ ಅಂಗೀಕರಿಸಿದ ವಾದಕ್ಕೆ ಬನಹಟ್ಟಿಯ ಓಣಿಗಳಿಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ವಿದ್ಯುತ್ ಮಗ್ಗ ಹೊಸ ಊನಗಳನ್ನೂ ತಂದಿತು. ಲಾಳಿ ಬಡಿಯುವ ಶೆಡ್ಡುಗಳಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ವರ್ಷಗಟ್ಟಲೆ ಅದರಲ್ಲಿ ದುಡಿದವರ ಕಿವಿಯ ಒಳಭಾಗದ ಸೂಕ್ಷ್ಮ ರೋಮಕೋಶಗಳು ಸತ್ತು, ಮರಳಿ ಬಾರದ ಕಿವುಡುತನ ನೆಲೆಸುತ್ತದೆ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಗಿರಣಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನೇಕಾರ್ತಿಯರು ಇದೇ ಸದ್ದಿನಲ್ಲಿ ತುಟಿಯ ಚಲನೆಯಿಂದಲೇ ಮಾತಾಡುವ ಕ್ರಮವನ್ನು ರೂಢಿಸಿಕೊಂಡಿದ್ದರು. ಹಂತಹಂತವಾಗಿ ಬರುವ ಈ ಕಿವುಡುತನವನ್ನು ವಯಸ್ಸಿನ ದೋಷವೆಂದು ನೇಕಾರರೇ ಒಪ್ಪಿಕೊಂಡುಬಿಡುತ್ತಾರೆ. ಅಪಘಾತದಲ್ಲಿ ಬೆರಳು ಕಳೆದುಕೊಂಡ ಕಾರ್ಮಿಕನಿಗಾಗಿ 2025ರವರೆಗೆ 1923ರ ಪರಿಹಾರ ಕಾಯ್ದೆಯ ಅನುಸೂಚಿಯಿತ್ತು, ಅದು ಹೆಬ್ಬೆರಳಿಗೆ ಶೇ 30, ಒಂದು ಕಣ್ಣಿಗೆ ಶೇ 40 ಎಂದು ಗಳಿಕೆಯ ಸಾಮರ್ಥ್ಯದ ನಷ್ಟವನ್ನು ನಿಗದಿಪಡಿಸುತ್ತಿತ್ತು. ಆದರೆ ಆ ಕಾಯ್ದೆಗೆ ಒಬ್ಬ ಮಾಲೀಕ ಬೇಕಿತ್ತು. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆ 1948 ವಿದ್ಯುತ್ ಬಳಸಿ ಕನಿಷ್ಠ 10 ಮಂದಿ ದುಡಿಯುವ ಕಡೆಗಳಿಗೆ ಅನ್ವಯಿಸುತ್ತಿತ್ತು. ಮನೆಯ ಮುಂಭಾಗದಲ್ಲಿಯೇ ನಾಲ್ಕು ಮಗ್ಗ ಹೂಡಿಕೊಂಡು ಇನ್ನೊಬ್ಬರ ನೂಲನ್ನು ಮಜೂರಿಗೆ ನೇಯುವವನು ಆ ಕಾಯ್ದೆಗಳ ಕಣ್ಣಿಗೆ ತಾನೇ ಮಾಲೀಕ, ತಾನೇ ಕಾರ್ಮಿಕನಾಗಿದ್ದ. ಅವನ ಹೆಬ್ಬೆರಳಿನ ಬೆಲೆ ಕೊಡುವವರು ಯಾರೂ ಇರಲಿಲ್ಲ.

ಸ್ವಾತಂತ್ರ್ಯಾನಂತರದ ಸರ್ಕಾರಿ ವ್ಯವಸ್ಥೆ ನಿಧಾನವಾಗಿ ಬೆಳೆದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ಊನಗಳನ್ನು ಗುರುತಿಸಿತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಸೇರಿಸಿಕೊಂಡಿತು, ಆದರೆ ಮೀಸಲಾತಿಯೇ ಮೊದಲಾದ ಮುಖ್ಯ ಸೌಲಭ್ಯಗಳಿಗೆ ಶೇ 40ರ ಮಿತಿಯನ್ನು ಹಾಗೆಯೇ ಉಳಿಸಿಕೊಂಡಿತು. ವೈದ್ಯಕೀಯ ಮಂಡಳಿ ಬರೆದುಕೊಡುವ ಆ ಶೇಕಡಾವಾರು ಅಂಕೆ ಇಂದು ಹಳ್ಳಿಯ ಅಂಗವಿಕಲನ ಬದುಕಿನಲ್ಲಿ ಹೊಲದ ಪಹಣಿಯಷ್ಟೇ ತೂಕದ ಕಾಗದ. ಮುಖ್ಯವಾದ ಬದಲಾವಣೆ ಬಂದದ್ದು ಇನ್ನೊಂದು ಕಡೆಯಿಂದ. ತಜ್ಞರಿರುವ ನಗರಕ್ಕೆ ರೋಗಿ ಹೋಗುವ ಬದಲು ಸರಳ ತರಬೇತಿ ಪಡೆದ ಕಾರ್ಯಕರ್ತರು ಮನೆಗೇ ಹೋಗಬೇಕೆಂಬ, ವಿಶ್ವ ಆರೋಗ್ಯ ಸಂಸ್ಥೆ 1970ರ ದಶಕದ ಕೊನೆಯಿಂದ ಪ್ರತಿಪಾದಿಸಿದ ಸಮುದಾಯ ಆಧಾರಿತ ಪುನರ್ವಸತಿಯ ತತ್ವವನ್ನು ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ರೂಪದಲ್ಲಿ ಜಾರಿಗೆ ತಂದಿತು. ಈ ಕಾರ್ಯಕರ್ತರಲ್ಲಿ ಬಹುಮಂದಿ ಸ್ವತಃ ಅಂಗವಿಕಲರು. ಶಾಸನಗಳಲ್ಲಿ ಹೆಸರಿಲ್ಲದ ಗುಂಪಾಗಿದ್ದವರು ಈಗ ಮನೆಮನೆಗೆ ಹೋಗಿ ಇತರರ ಹೆಸರನ್ನು ಬರೆದುಕೊಳ್ಳುತ್ತಾರೆ, ಪಿಂಚಣಿಯ ಅರ್ಜಿ ತುಂಬುತ್ತಾರೆ, ತಾಲ್ಲೂಕು ಆಸ್ಪತ್ರೆಯ ಶಿಬಿರಕ್ಕೆ ಕರೆದೊಯ್ಯುತ್ತಾರೆ, ಪಂಚಾಯಿತಿಯ ಅನುದಾನದಲ್ಲಿ ಅಂಗವಿಕಲರಿಗೆಂದು ಎತ್ತಿಡಬೇಕಾದ ಶೇ 5ರ ಪಾಲನ್ನು ನೆನಪಿಸುತ್ತಾರೆ. ಇಷ್ಟು ಮಾಡುವ ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ; ಇತರರಿಗೆ ನೆಲೆ ಒದಗಿಸುವವರ ನೆಲೆಯೇ ಭದ್ರವಾಗಿಲ್ಲದಿರುವುದು ಈ ಒಳ್ಳೆಯ ಯೋಜನೆಯ ದೊಡ್ಡ ಕೊರತೆ.

ಬೀಳಗಿ ತಾಲ್ಲೂಕಿಗೆ ಈ ಚರಿತ್ರೆಯಲ್ಲಿ ಇನ್ನೊಂದು ಅಧ್ಯಾಯವಿದೆ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಇಲ್ಲಿಯ ಹಲವು ಊರುಗಳನ್ನು ಮುಳುಗಿಸಿದ್ದರಿಂದ ಜನ ಹೊಸ ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕಾಯಿತು. ಭೂಸ್ವಾಧೀನದ ಪರಿಹಾರವು ಹೊಲ ಮತ್ತು ಮನೆಯ ಒಡೆಯನ ಹೆಸರಿಗೆ ಬರುತ್ತದೆ. ಹಳೆಯ ಊರಿನಲ್ಲಿ ಗುಡಿಗೆ, ಬಾವಿಗೆ, ಅಂಗಡಿಗೆ ಹೋಗುವ ಹಾದಿಯನ್ನು ಹೆಜ್ಜೆಯ ಎಣಿಕೆಯಿಂದಲೇ ಬಲ್ಲ ಅಂಧನಿಗೆ ಆ ಹಾದಿ ಹೋದದ್ದಕ್ಕೆ, ಎತ್ತಿ ಕೂರಿಸುತ್ತಿದ್ದ ನೆರೆಮನೆ ಬೇರೆ ಬಡಾವಣೆಯ ಪಾಲಾದದ್ದಕ್ಕೆ ಪರಿಹಾರದ ಕಲಮು ಇರಲಿಲ್ಲ. ಕೃಷ್ಣಾ ಎರಡನೆಯ ನ್ಯಾಯಮಂಡಳಿಯ ತೀರ್ಪಿನಂತೆ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ ಬೀಳಗಿ, ಜಮಖಂಡಿಗಳೂ ಸೇರಿದಂತೆ ಈ ಸೀಮೆಯ ಮತ್ತಷ್ಟು ಊರುಗಳು ಜಾಗ ಬಿಡಬೇಕಾಗುತ್ತದೆ. 2016ರ ಕಾಯ್ದೆಯ 44ನೇ ಕಲಮಿನ ಪ್ರಕಾರ ಅಂಗವಿಕಲರು ಸಲೀಸಾಗಿ ಬಳಸುವಂತಿಲ್ಲದ ಕಟ್ಟಡದ ನಕ್ಷೆಗೆ ಅನುಮತಿಯನ್ನೇ ಕೊಡುವಂತಿಲ್ಲ; ಬರಲಿರುವ ಆ ಊರುಗಳ ಶಾಲೆ, ಪಂಚಾಯಿತಿ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣಗಳ ನಕ್ಷೆಗಳಿಗೂ ಈ ಕಲಮು ಅನ್ವಯಿಸುತ್ತದೆ, ಆ ನಕ್ಷೆಗಳನ್ನು ಬರೆಯುವ ಮೊದಲು ಊರೂರಿನ ಪುನರ್ವಸತಿ ಕಾರ್ಯಕರ್ತರ ಪಟ್ಟಿಯನ್ನು ತರಿಸಿಕೊಂಡು, ಅದರಲ್ಲಿ ಹೆಸರಿರುವವರನ್ನು ಕರೆದು ಕೇಳಲು ಇಂದಿಗೂ ಕಾಲ ಮಿಂಚಿಲ್ಲ.